ಖಾಲಿ ತೊಟ್ಟಿಲು

"ಏ ಶಿವಕಾಂತಿ, ಕೈಗಿ ಲಕ್ವಾ ಹೊಡದದೇನ? ತೂಗು ಅಂದ್ರ ತೂಗಬೇಕು ರಂಡಿ. ಕಾರ್ ಬರೋ ಹೊತ್ತಾಗ್ಯದ."

ಬಯ್ದವನು ಭವನದ ಮ್ಯಾನೇಜರ್ ಕಾಶೀನಾಥ. ಶಿವಕಾಂತಮ್ಮ ತೊಟ್ಟಿಲಿನ ಹಗ್ಗ ಮುಟ್ಟದೆ ನಿಂತಿದ್ದಳು. ಉಳಿದ ಐದು ತೊಟ್ಟಿಲುಗಳ ಪಕ್ಕ ನಾವು ಐದು ಮಂದಿ, ನಾವೂ ಮುಟ್ಟಿರಲಿಲ್ಲ. ಆರೂ ತೊಟ್ಟಿಲು ಖಾಲಿ. ಒಳಗೆ ಕೂಸು ಮಲಗಿದೆ ಎಂದು ದಾನಿಗಳು ತಿಳಿಯಲಿ ಅಂತ ಮೇಲೆ ಸೊಳ್ಳೆಪರದೆ ಹೊದಿಸಿದ್ದರು.

ನಾವೆಲ್ಲ ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಕಲ್ಲು ಹೊರುವ ಹೆಂಗಸರು. ಗಣಿಯ ಸಾವುಕಾರನೇ ಈ ಭವನ ನಡೆಸುವ ಟ್ರಸ್ಟಿನ ಅಧ್ಯಕ್ಷ. ನಮ್ಮ ಕೇರಿಯ ಎದುರಿಗೇ ಸಮುದಾಯ ಭವನ ಕಟ್ಟಿಸಿ ಮೂರು ವರ್ಷವಾಯಿತು. ನೆಲದ ಕಲ್ಲು ಹೊತ್ತವರೂ ನಾವೇ. 'ಸರ್ವರಿಗೂ ಮುಕ್ತ' ಎಂದು ಬಾಗಿಲ ಮೇಲೆ ಬರೆಸಿದ್ದಾನೆ. ಹಾಗಾಗಿ ದೊಡ್ಡ ಹಾಲಿನಲ್ಲಿ ಅಂಗಡಿಯವರ ಮದುವೆಗಳು ನಡೆಯುತ್ತವೆ, ಮಹಡಿಯಲ್ಲಿ ಆಫೀಸರುಗಳು ಯೋಗ ಮಾಡುತ್ತಾರೆ, ಎಂಜಲೆಲೆ ಎತ್ತಲು ನಾವು ಹೋಗುತ್ತೇವೆ. ಮುಕ್ತವಲ್ಲ ಎಂದು ಯಾವ ಬಾಯಿಂದ ಹೇಳೋಣ? ನಮಗೆಂದೇ ಇದ್ದದ್ದು ಈ ಹಿಂದಿನ ಕೋಣೆ. ಗಣಿಗೆ ಹೋಗುವ ತಾಯಂದಿರು ಕೂಸುಗಳನ್ನು ಇಲ್ಲಿ ಬಿಡಲಿ ಎಂದು ಹೈದರಾಬಾದಿನ ದಾನಿಗಳು ಕಟ್ಟಿಸಿಕೊಟ್ಟದ್ದು. ಉದ್ಘಾಟನೆಯ ಮರುವಾರವೇ ಬಾಗಿಲು ಹಾಕಿದರು. ಮದುವೆಯ ಕುರ್ಚಿ, ಹಂಡೆಗಳು ಒಳಗೆ ಬಂದವು, ನಮ್ಮ ಕೂಸುಗಳು ಗಣಿಗೆ ಹೋದವು.

ಹೋದ ಗುರುವಾರ ಶಿವಕಾಂತಮ್ಮನ ಎಂಟು ತಿಂಗಳ ಮಗಳು ಗಣಿಯಲ್ಲಿ, ಸೀರೆಯ ಜೋಳಿಗೆಯಲ್ಲಿ ಮಲಗಿತ್ತು. ಸುತ್ತಿಗೆಯ ಏಟಿಗೆ ಕಲ್ಲಿನ ಚಕ್ಕೆ ಸಿಡಿದು ಹಣೆಗೆ ಬಡಿಯಿತು. ಏಳು ಹೊಲಿಗೆ. ಮರುದಿನ ಅವಳು ಬಂದು, ಕೋಣೆ ತೆಗೆಯಿರಿ ಎಂದು ಕಾಶೀನಾಥನ ಕಾಲು ಹಿಡಿದಳು. ನಿನ್ನ ಕೂಸು ಉಚ್ಚೆ ಹೊಯ್ದ ಕೋಣೆಯ ಹಂಡೆಯಲ್ಲಿ ಮಾಡಿದ ಅಡುಗೆಯನ್ನು ಯಾರು ಉಣ್ಣುತ್ತಾರೆ ಎಂದು ಕೇಳಿ ಅವನು ಕಾಲು ಬಿಡಿಸಿಕೊಂಡ.

ಇವತ್ತು ದಾನಿಗಳು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಹಂಡೆ ಹೊರಗೆ ಹೋದವು, ತೊಟ್ಟಿಲು ಒಳಗೆ ಬಂದವು. ಕೂಸುಗಳನ್ನು ತರುತ್ತೇವೆ ಎಂದೆವು. ಬೇಡ ಎಂದ. ಧೂಳು ಮೆತ್ತಿದ ಕೂಸು ಫೋಟೊದಲ್ಲಿ ಚಂದ ಕಾಣುವುದಿಲ್ಲವಂತೆ. ಹೀಗಾಗಿ ಗಣಿಯಲ್ಲಿ ನಮ್ಮ ಜೊತೆ ಕಲ್ಲು ಹೊರುವ ಸರ್ವರಬೇಗಂ ಒಬ್ಬಳೇ ಆರು ಕೂಸು ಕಾಯುತ್ತ ಕೂತಿದ್ದಳು.

"ಖಾಲಿ ತೊಟ್ಟಿಲ ತೂಗಬಾರದ್ರಿ ಸಾಹೇಬ್ರ," ಎಂದಳು ಶಿವಕಾಂತಮ್ಮ. "ಕೂಸಿಗಿ ಕೇಡು."

ಕಾಶೀನಾಥನಿಗೆ ಗೊತ್ತಿಲ್ಲದ ಮಾತೇನಲ್ಲ. ಖಾಲಿ ತೊಟ್ಟಿಲು ತೂಗಿದರೆ ಕೂಸು ಉಳಿಯುವುದಿಲ್ಲ ಎಂದು ಅವನ ಅವ್ವನೂ ಹೇಳಿರುತ್ತಾಳೆ.

"ನಿಮ್ಮಂಥವರ ಕೂಸಿಗಿ ಏನ್ ಕೇಡ ಬರ್ತದ? ಒಂದು ಹ್ವಾದ್ರ ಇನ್ನೊಂದು ಹಡೀತೀರಿ. ತೂಗದಿದ್ರ ನಾಳಿಂದ ಆರೂ ಮಂದಿ ಖಣಿ ಕಡಿ ಮುಖ ಹಾಕಬ್ಯಾಡ್ರಿ."

ನನ್ನ ಮೈ ಉರಿದುಹೋಯಿತು. ಆದರೂ ಕೈ ಹಗ್ಗದ ಕಡೆ ಹೋಯಿತು, ಸುಳ್ಳು ಯಾಕೆ ಹೇಳಲಿ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

ಶಿವಕಾಂತಮ್ಮ ಹೊರಗೆ ನಡೆದಳು. ಕಾಶೀನಾಥ ಅವಳ ಹಡೆದವ್ವನನ್ನೂ ಸೇರಿಸಿ ಬಯ್ದು, ಹಾರ ಹಿಡಿದು ಗೇಟಿನ ಕಡೆ ಓಡಿದ. ಕೆಲಸದ ಆಸೆ ಬಿಟ್ಟೇ ಹೋದಳು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಬಂದಳು, ಸೆರಗಿನಲ್ಲಿ ಏನನ್ನೋ ಎದೆಗವಚಿಕೊಂಡು. ನೆಲಕ್ಕೆ ಹಾಸಿ ಉಳಿದ ಫರಸಿಯ ತುಂಡು, ಹಿತ್ತಲಲ್ಲಿ ರಾಶಿ ಬಿದ್ದಿದೆ. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕಿ, ಗುಂಡಪ್ಪ ಎಂದು ಕರೆದು ತೂಗುತ್ತೇವಲ್ಲ, ಹಾಗೇ ಅದನ್ನು ಮಲಗಿಸಿದಳು. ಪರದೆ ಎಳೆದು ತೂಗತೊಡಗಿದಳು. ನಾನೂ ಹಿತ್ತಲಿಗೆ ಹೋದೆ. ನನ್ನ ಹಿಂದೆ ಉಳಿದವರೂ ಬಂದರು.

ದಾನಿಗಳು, ಅಧ್ಯಕ್ಷ, ಕ್ಯಾಮೆರಾದವನು ಒಳಗೆ ಬಂದಾಗ ಆರೂ ತೊಟ್ಟಿಲು ತೂಗುತ್ತಿದ್ದವು. ದಾನಿಗಳಲ್ಲಿ ವಯಸ್ಸಾದ ಅಮ್ಮ ಒಬ್ಬರು ಕೂಸಿನ ಮುಖ ನೋಡಲು ಪರದೆ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಅಧ್ಯಕ್ಷ ನಕ್ಕು, ಇದು ಈ ಜನರ ಪದ್ಧತಿ ಎಂದು ಅವರಿಗೆ ವಿವರಿಸತೊಡಗಿದ.

"ಪದ್ಧತಿನೇ ರೀ ಅಮ್ಮ," ಎಂದಳು ಶಿವಕಾಂತಮ್ಮ. "ಆದ್ರ ಕಲ್ಲು ತಗದು ಕೂಸು ಮಲಗಸ್ಬೇಕು. ಇವರು ಮೂರು ವರ್ಷ ಆತು, ಕೂಸಿಗಿ ಬಾಗಲಾ ತಗದಿಲ್ಲ."

ಹಗ್ಗ ಬಿಟ್ಟು ಹೊರಟಳು. ನಾವೂ ಹೊರಟೆವು.

ಗಣಿ ಹತ್ತು ನಿಮಿಷದ ದಾರಿ. ತಿರುಗಿ ಬರುವಾಗ ಸರ್ವರಬೇಗಂ ಸೇರಿ ಏಳು ಹೆಂಗಸರು, ಆರು ಕೂಸು. ಗೇಟಿನಲ್ಲಿ ಕಾಶೀನಾಥ ಎರಡೂ ಕೈ ಅಡ್ಡ ಚಾಚಿ ನಿಂತಿದ್ದ. ಅವನ ಹಿಂದೆ ದಾನಿಗಳು ಕಾರಿನ ಬಳಿಯೇ ಇದ್ದರು. ಶಿವಕಾಂತಮ್ಮ ನಡಿಗೆ ನಿಧಾನ ಮಾಡಲಿಲ್ಲ. ಹಣೆಗೆ ಪಟ್ಟಿ ಕಟ್ಟಿದ ಮಗಳನ್ನು ಅವನ ಚಾಚಿದ ಕೈಯಲ್ಲೇ ಇಟ್ಟಳು.

"ಗಟ್ಟಿ ಹಿಡೀರಿ. ಕಲ್ಲು ತಗದು ಬರ್ತೀನಿ."

ಕೂಸು ಜೋರಾಗಿ ಅಳತೊಡಗಿತು. ಅವನ ಬಿಳಿ ಅಂಗಿಯ ತುಂಬ ಗಣಿಯ ಧೂಳು. ಕೆಳಗಿಡುವ ಹಾಗಿರಲಿಲ್ಲ, ದಾನಿಗಳು ನೋಡುತ್ತಿದ್ದರು. ನಾವು ಅವನ ಎರಡೂ ಪಕ್ಕದಿಂದ ಒಳಗೆ ನುಗ್ಗಿದೆವು.