ಹೊಣೆಗಾರ

ಮೆಲ್ಬರ್ನಿನ ಅಂಚು, ಟಾರ್ನೀಟಿನಾಚೆಯ ಸ್ಮಶಾನದಲ್ಲಿ ವಿರುಪಾಕ್ಷನ ಪೆಟ್ಟಿಗೆ ಗುಂಡಿಗೆ ಇಳಿಯುತ್ತಿತ್ತು. "ನಿಧಾನ, ನಿಧಾನ," ಎನ್ನುತ್ತ ಶ್ರೀಕಂಠಯ್ಯ ತಮ್ಮ ಕೆಲಸದ ಹುಡುಗರಿಗೆ ಹೇಳಿಕೊಡುತ್ತಿದ್ದರು. ವಿರುಪಾಕ್ಷ ಕುಕ್ ಆಗಿದ್ದ ರೆಸ್ಟೋರೆಂಟು ಅವರದು. ಅವನ ವೀಸಾಕ್ಕೆ ಸ್ಪಾನ್ಸರ್ ಆದವರೂ ಅವರೇ.

ಹೆಂಡತಿ ಶೀತಲ ಮೊದಲ ಹಿಡಿ ಮಣ್ಣು ಹಾಕಿದಳು. ಹದಿನಾರರ ಮಗಳು ಪಲ್ಲವಿ ಕೈಯಲ್ಲಿದ್ದ ಮಣ್ಣನ್ನು ಬಿಡಲೇ ಇಲ್ಲ.

"ಮನೆಯವನ ಥರ ಇದ್ದ ಕಣಮ್ಮ," ಶ್ರೀಕಂಠಯ್ಯ ಕಣ್ಣೊರೆಸಿಕೊಂಡರು. "ಒಂದು ದಿನ ರಜ ಕೇಳಿದವನಲ್ಲ."

ಕೇಳಿದ್ದ, ಎರಡು ಸಲ. ಅದು ಶೀತಲಳಿಗೆ ಗೊತ್ತಿತ್ತು.

*

ಹೋದ ಶುಕ್ರವಾರ ಸಂಜೆ ಅಪ್ಪ, ಮಗಳು ಪ್ರಾಚೀನ ಗ್ರೀಸಿನ ಪಾಠ ಮಾಡುತ್ತ ಕೂತಿದ್ದರು. ವಿರುಪಾಕ್ಷ ಧಾರವಾಡದಲ್ಲಿ ಹನ್ನೊಂದು ವರ್ಷ ಇತಿಹಾಸದ ಅತಿಥಿ ಉಪನ್ಯಾಸಕ. ಕಾಯಂ ಆಗದೆ, ಅಡುಗೆ ಕೋರ್ಸಿಗೆಂದು ಮೆಲ್ಬರ್ನಿಗೆ ಬಂದವನು.

"ಅಥೆನ್ಸಿನ್ಯಾಗ ನಾಗರಿಕರು ಇದ್ರು, ಗುಲಾಮರು ಇದ್ರು. ನಡುವ ಮೆಟಿಕ್ ಅಂತ, ಹೊರಗಿಂದ ಬಂದು ದುಡಿಯೋ ಮಂದಿ. ತೆರಿಗಿ ಕೊಡಬೇಕು, ಯುದ್ಧಕ್ಕ ಹೋಗಬೇಕು. ಭೂಮಿ ಕೊಳ್ಳಂಗಿಲ್ಲ, ಸಭಾದಾಗ ಮಾತಾಡಂಗಿಲ್ಲ. ಹೊಣಿ ಹೊರಾಕ ಒಬ್ಬ ನಾಗರಿಕ ಬೇಕಿತ್ತು."

"ಲೈಕ್ ಅ ಸ್ಪಾನ್ಸರ್?" ಪಲ್ಲವಿ ಕೇಳಿದಳು.

ಅವನು ನಕ್ಕ. ಅಷ್ಟರಲ್ಲಿ ಫೋನು ಬಂತು. ಒಬ್ಬ ಹುಡುಗ ಬಂದಿಲ್ಲ, ಬೇಗ ಬಾ ಎಂದರು ಶ್ರೀಕಂಠಯ್ಯ.

"ಮುಂಜಾನಿಂದ ಎದಿ ನೋವು ಅಂತೀರಿ. ಹೋಗಬ್ಯಾಡ್ರಿ," ಎಂದಳು ಶೀತಲ.

"ಇನ್ನ ನಾಕ ತಿಂಗಳು. ಪಿಆರ್ ಬರ್ಲಿ, ಇಲ್ಲೆ ಕಾಯಂ ಆಗ್ಲಿ, ಆಮ್ಯಾಲೆ ಹೊದ್ದು ಮಲಕೊಂತೇನಿ."

ರಾತ್ರಿ ಒಂಬತ್ತು ಗಂಟೆಗೆ ರೆಸ್ಟೋರೆಂಟಿನ ಒಲೆಯ ಮುಂದೆ ಕುಸಿದ.

*

ಮಣ್ಣು ಮುಚ್ಚಿದ ಮೇಲೆ ಶ್ರೀಕಂಠಯ್ಯ ಶೀತಲಳನ್ನು ಪಕ್ಕಕ್ಕೆ ಕರೆದರು.

"ಇವತ್ತು ಹೇಳೋ ಮಾತಲ್ಲ. ಆದರೂ, ನಿಮ್ಮ ವೀಸಾನೂ ಅವನ ವೀಸಾದ ಮೇಲೇ ನಿಂತಿದ್ದು. ಮಗು ಟ್ವೆಲ್ತ್ ಮುಗಿಸ್ಬೇಕು. ನೀವೇ ಕಿಚನ್‌ಗೆ ಬನ್ನಿ. ಪೇಪರ್ಸ್‌ಗೆ ಏನಾದರೂ ದಾರಿ ಹುಡುಕೋಣ."

"ಡೋಂಟ್, ಅಮ್ಮಾ," ಪಲ್ಲವಿ ತೋಳು ಹಿಡಿದಳು. "ಲೆಟ್ಸ್ ಗೋ ಹೋಮ್. ಧಾರವಾಡ. ಪ್ಲೀಸ್."

ಶೀತಲ ಮಗಳನ್ನು ನೋಡಿದಳು, ಹಸಿ ಮಣ್ಣಿನ ದಿಬ್ಬವನ್ನು ನೋಡಿದಳು. ಹೋದರೆ ಅವನೊಬ್ಬನನ್ನೇ ಇಲ್ಲಿ ಬಿಟ್ಟು ಹೋಗಬೇಕು.

"ಯಾವಾಗಿಂದ ಬರಬೇಕ್ರಿ?" ಎಂದಳು.

"ಹನ್ನೊಂದು ದಿನ ಕಳೀಲಮ್ಮ," ಎಂದವರೇ ಶ್ರೀಕಂಠಯ್ಯ ಗಡಿಯಾರ ನೋಡಿಕೊಂಡು ಹುಡುಗರತ್ತ ತಿರುಗಿದರು. "ಬೇಗ ಬೇಗ. ಐದಕ್ಕೆ ಓಪನ್ ಮಾಡ್ಬೇಕು."

ಹುಡುಗರು ಜಾಕೆಟ್ ಬಿಚ್ಚಿದರು. ಒಳಗೆ ಆಗಲೇ ರೆಸ್ಟೋರೆಂಟಿನ ಕಪ್ಪು ಅಂಗಿಗಳಿದ್ದವು. ಗೇಟಿನ ಬಳಿಯ ಒಂದೇ ನಲ್ಲಿಯ ಮುಂದೆ ಸಾಲಾಗಿ ನಿಂತು ಕೈಯ ಮಣ್ಣು ತೊಳೆಯತೊಡಗಿದರು. ಶೀತಲ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊನೆಯವನ ಹಿಂದೆ ಹೋಗಿ ನಿಂತಳು.