ವಾರ್ಡಿನಲ್ಲಿ ನಮ್ಮ ಮಾತು ಬಲ್ಲವರು

ಒಂದು ಆಸ್ಪತ್ರೆಯಲ್ಲಿ ಕಸ ಗುಡಿಸುವ ಹದಿನಾಲ್ಕು ಮಂದಿಯೂ ಗುಡ್ಡದ ಆದಿವಾಸಿಗಳೇ. ನರ್ಸುಗಳಲ್ಲಿ ಮಾತ್ರ ಅವರ ಪೈಕಿ ಒಬ್ಬರೂ ಇರಲಿಲ್ಲ.

ಒಂದು ಮಧ್ಯಾಹ್ನ ಆ ಹದಿನಾಲ್ಕು ಮಂದಿಯಲ್ಲೊಬ್ಬಳು ವಾರ್ಡಿನ ನೆಲ ಒರೆಸುತ್ತಿದ್ದಳು. ಗುಡ್ಡದಿಂದ ಕರೆತಂದಿದ್ದ ಮುದುಕನೊಬ್ಬ ಮಂಚದ ಮೇಲೆ ತನ್ನ ಭಾಷೆಯಲ್ಲಿ ಒಂದೇ ಸಮನೆ ಗೋಗರೆಯುತ್ತಿದ್ದ. ಹೊಸ ನರ್ಸಿಗೆ ಅವನ ಭಾಷೆ ತಿಳಿಯದು.

"ಸೂಜಿ ಅಂದ್ರೆ ಇಷ್ಟೊಂದು ಭಯಾನಾ ತಾತ?" ಎನ್ನುತ್ತ ಆಕೆ ಸಿರಿಂಜಿಗೆ ಔಷಧಿ ಎಳೆದಳು.

ನೆಲ ಒರೆಸುತ್ತಿದ್ದವಳು ಬಟ್ಟೆ ಬಿಟ್ಟು ಎದ್ದಳು. "ಸಿಸ್ಟರ್, ಚುಚ್ಚಬೇಡಿ! ತಾತ ಅದನ್ನೇ ಹೇಳ್ತಿದ್ದಾನೆ, ಹೋದ ವರ್ಷ ಸೂಜಿ ಹಾಕಿದಾಗ ಉಸಿರೇ ಕಟ್ಟಿತ್ತಂತೆ!"

"ನೀನು ನಿನ್ನ ಕೆಲಸ ನೋಡ್ಕೋ."

ಕೆಲಸ ಹೋದರೆ ಹೋಗಲಿ ಎಂದು ಅವಳು ಮಂಚಕ್ಕೆ ಅಡ್ಡ ನಿಂತೇಬಿಟ್ಟಳು. ಗಲಾಟೆ ಕೇಳಿ ಓಡಿಬಂದ ಹೆಡ್ ನರ್ಸ್ ಮುದುಕನ ಚೀಲದಲ್ಲಿದ್ದ ಹಳೇ ಚೀಟಿ ಬಿಡಿಸಿ ಓದಿದರು. ಹೌದು, ಆಗಿಬಾರದೇ ಹೋದದ್ದು ಅದೇ ಔಷಧಿ. ಹೊಸ ನರ್ಸ್ ಸಿರಿಂಜನ್ನು ತಟ್ಟೆಯಲ್ಲಿ ವಾಪಸ್ ಇಟ್ಟಳು.

ಆಮೇಲೆ ಹೆಡ್ ನರ್ಸ್ ನೆಲ ಒರೆಸುವವಳನ್ನು ಪಕ್ಕಕ್ಕೆ ಕರೆದರು. "ನಿನ್ನ ಮಗಳು ಹನ್ನೆರಡನೇ ತರಗತಿ ಪಾಸಾಗಿದ್ದಾಳಲ್ಲ? ಆದಿವಾಸಿ ಮಕ್ಕಳಿಗೆ ನರ್ಸಿಂಗ್ ತರಬೇತಿ ಇದೆ. ಹತ್ತು ಸೀಟು. ಅರ್ಜಿ ತಗೊಳ್ಳೋದು ಇವತ್ತು ಐದು ಗಂಟೆವರೆಗೆ ಅಷ್ಟೇ."

ಅವಳ ಗಂಡ ಅಲ್ಲೇ ಸ್ಟ್ರೆಚರ್ ತಳ್ಳುವವ. ಕೇಳಿದ್ದೇ ತಡ, ಸಿಡಿದೆದ್ದ. "ಬೇಡ ಮೇಡಂ. ನಾನೂ ಲ್ಯಾಬ್ ತರಬೇತಿ ಮುಗಿಸಿದವನೇ. ಫೋಟೋ ತೆಗೆದ್ರು, ಸರ್ಟಿಫಿಕೇಟ್ ಕೊಟ್ರು, ಕೊನೆಗೆ ಸ್ಟ್ರೆಚರ್ ಹಿಡಿಸಿದ್ರು. ಈಗ ಮಗಳ ಮೂಗಿಗೂ ತುಪ್ಪ ಸವರ್ತೀರಾ?"

ಹೆಡ್ ನರ್ಸ್ ಮೇಜಿನಿಂದ ಒಂದು ಕಾಗದ ತೆಗೆದರು. "ನಿನಗೆ ಅನ್ಯಾಯ ಆಗಿದ್ದು ನಿಜ. ಆಗ ತರಬೇತಿ ಇತ್ತು, ಹುದ್ದೆ ಇರಲಿಲ್ಲ. ಈ ಸಲ ಹತ್ತು ಸೀಟಿಗೆ ಹತ್ತು ಹುದ್ದೆ. ಆಯ್ಕೆ ಸಮಿತೀಲಿ ನಿಮ್ಮವರೇ ಇಬ್ಬರು. ಆದೇಶ ಇಲ್ಲಿದೆ, ನೀನೇ ಓದು."

ಅವನು ಎರಡು ಸಲ ಓದಿದ. ಗಂಟೆ ನಾಲ್ಕಾಗಿತ್ತು. "ಇದೂ ಸುಳ್ಳಾದ್ರೆ?"

"ಸುಳ್ಳಾದ್ರೆ ಹೋಗಿ ಕೇಳೋಣ," ಎಂದಳು ಹೆಂಡತಿ. "ಅವತ್ತು ನಿನ್ನ ಪರವಾಗಿ ಯಾರೂ ಬಾಯಿ ಬಿಡಲಿಲ್ಲ. ಇವತ್ತು ನಾನೂ ಬಾಯಿ ಮುಚ್ಕೊಂಡಿದ್ರೆ ಆ ತಾತ ಉಳೀತಿದ್ದನಾ?"

ಅವನು ಮಗಳನ್ನು ಕರೆತರಲು ಮನೆಗೆ ಓಡಿದ. ಐದಕ್ಕೆ ಹತ್ತು ನಿಮಿಷ ಇರುವಾಗ ಏದುಸಿರು ಬಿಡುತ್ತ ಅಪ್ಪ, ಮಗಳು ಕಚೇರಿಯ ಕಿಟಕಿಯ ಮುಂದಿದ್ದರು. ಗುಮಾಸ್ತ ಅರ್ಜಿ ತೆಗೆದುಕೊಂಡ. ಅಪ್ಪ ಕದಲಲಿಲ್ಲ.

"ಸ್ವೀಕೃತಿ ಚೀಟಿ ಕೊಡಿ ಸಾರ್. ಆ ಆದೇಶದ್ದೂ ಒಂದು ಪ್ರತಿ ಕೊಡಿ."

ಮಗಳಿಗೆ ಸೀಟು ಸಿಕ್ಕಿತು. ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ.

ಆದಿವಾಸಿ ತಂದೆತಾಯಿಗಳೇ, ಮಕ್ಕಳನ್ನು ತರಬೇತಿಗೆ ಕಳಿಸಿ. ಮುಗಿದ ಮೇಲೆ ಹುದ್ದೆ ಎಲ್ಲಿದೆ ಎಂದು ಮೊದಲೇ ಕೇಳಿ, ಬರಹದಲ್ಲೇ ಪಡೆಯಿರಿ. ಕೆಲಸ ಕೊಡುವವರೇ, ನಿಮ್ಮಲ್ಲಿ ಆದಿವಾಸಿಗಳ ಕೈಗೆ ಬರೀ ಪೊರಕೆಯನ್ನೇ ಕೊಟ್ಟಿದ್ದೀರಾ? ನಾಳೆ ಬೆಳಿಗ್ಗೆ ಒಮ್ಮೆ ಎಲ್ಲ ಕೋಣೆಗಳನ್ನೂ ಸುತ್ತಿ, ಯಾವ ಕೆಲಸದಲ್ಲಿ ಯಾರಿದ್ದಾರೆ ಎಂದು ನೋಡಿ.