ಸೀಳು ಉಗುರು

ಪುಟ್ಟಿಯ ಸೋದರಮಾವ ಬೀರುವಿನ ಬೀಗಕ್ಕೆ ಸ್ಕ್ರೂಡ್ರೈವರ್ ತುರುಕಿ ತಿರುಗಿಸುತ್ತಲೇ ಇದ್ದರು. ಒಗೆದಿಟ್ಟ ಬಿಳಿ ಅಂಗಿ ಅದರೊಳಗಿತ್ತು. ಅದನ್ನು ತೊಡಬೇಕಾದ ಅಪ್ಪ ಹೊರಕೋಣೆಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ.

“ಊರಿಗೆಲ್ಲ ಕೀಲಿ ಮಾಡಿಕೊಟ್ಟ ಭಾವನ ಮನೇಲೇ ಕೀಲಿ ಸಿಕ್ತಿಲ್ಲ ನೋಡು. ದೀಪದ ಕೆಳಗೇ ಕತ್ತಲೆ.”

“ಒಡೆದುಬಿಡಿ ಮಾವ.”

“ಒಡೆದ್ರೆ ಎದ್ದು ಬಂದು ಬೈತಾನಮ್ಮ! ಬೀಗಕ್ಕೆ ಬಲವಂತ ಮಾಡಬಾರದು, ಪುಸಲಾಯಿಸಬೇಕು ಅಂತಿದ್ದ.”

ಪುಟ್ಟಿಗೆ ನಗು ಬಂತು. ಬಂದ ನಗುವಿನ ಮೇಲೆ ಸಿಟ್ಟೂ ಬಂತು. ಹೆಸರಿಗೆ ಪುಟ್ಟಿ, ಕೂದಲು ನರೆತ ಹೆಂಗಸು. ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಓಡಾಡುತ್ತಿದ್ದಳು. ಕೇಳದವರಿಗೂ ನೀರು ಕೊಟ್ಟಿದ್ದಳು. ನೆಟ್ಟಗಿದ್ದ ಕುರ್ಚಿಗಳನ್ನೇ ಮತ್ತೆ ನೆಟ್ಟಗೆ ಮಾಡಿದ್ದಳು.

ಕಿಟಕಿಯಾಚೆ ಇಸ್ತ್ರಿ ಅಂಗಡಿಯವನೂ ಸೈಕಲ್ ಶಾಪಿನವನೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

“ಪಾಪ, ಇರುವೆಗೂ ನೋವು ಮಾಡಿದೋನಲ್ಲ,” ಎಂದ ಸೈಕಲ್ ಶಾಪಿನವನು.

“ಅಲ್ಲ ಅಂದೋರ್ಯಾರು? ಆದ್ರೂ ಬೆಂಕಿ ಇಲ್ದೆ ಹೊಗೆ ಏಳುತ್ತಾ? ಕೋರ್ಟಿನೋರು ಸಾಕ್ಷಿ ಸಾಲದು ಅಂತ ಬಿಟ್ರು. ಕೊಲೆ ಮಾಡಿಲ್ಲ ಅಂತ ಎಲ್ಲಿ ಹೇಳಿದ್ರು?”

ಹೆಣ ಇನ್ನೂ ಮನೆಯಲ್ಲೇ ಇರುವಾಗ ಆಡುವ ಮಾತೇ ಇದು? ಪುಟ್ಟಿ ಚೊಂಬು ಹಿಡಿದು ದಡದಡ ಹೊರಗೆ ಬಂದಳು. ಇಬ್ಬರೂ ತಟಕ್ಕನೆ ಬಿಸಿಲಿನ ಬಗ್ಗೆ ಮಾತು ತೆಗೆದರು. ಅವರನ್ನು ಏನಾದರೂ ಅಂದುಬಿಡುತ್ತಿದ್ದಳೇನೋ, ಅಷ್ಟರಲ್ಲಿ ಗೇಟಿನಲ್ಲಿ ಟೀಚರಮ್ಮನ ತಂಗಿ ಕಾಣಿಸಿದರು. ಕೊಲೆಯಾದ ಟೀಚರಮ್ಮನ ಒಡಹುಟ್ಟು ಅಂತ ಉಳಿದದ್ದು ಈ ಮುದುಕಿಯೊಬ್ಬರೇ.

ಪುಟ್ಟಿ ಗೇಟಿಗೆ ಅಡ್ಡ ನಿಂತಳು. “ಇವತ್ತೊಂದಿನ ಆದ್ರೂ ನಮ್ಮಪ್ಪನ್ನ ಬಿಟ್ಬಿಡಿ ಅಮ್ಮ.”

“ಒಳಗೆ ಬರಲ್ಲ ಕಣಮ್ಮ. ಒಂದೇ ಮಾತು. ಕೊನೇಲಿ ಏನಾದ್ರೂ ನೆನಪು ಮಾಡ್ಕೊಂಡ್ರಾ? ಯಾವ ಕೈ ಅಂತ?”

“ಇಲ್ಲ,” ಎಂದಳು ಪುಟ್ಟಿ.

ಅದು ಸುಳ್ಳು.

*

ಅಪ್ಪನಿಗೊಂದು ಶೋಕಿಯಿತ್ತು. ಮಾಡಿದ ಪ್ರತಿ ಕೀಲಿಯ ತಲೆಯ ಮೇಲೂ ಅರದಿಂದ ಎರಡು ಸಣ್ಣ ಗೀರು ಎಳೆಯುತ್ತಿದ್ದ. “ನಾಳೆ ಸರಿಯಾಗಿ ಕೂರದಿದ್ರೆ ನನ್ನ ಹತ್ರಾನೇ ತನ್ನಿ, ಗುರುತು ಇರುತ್ತೆ,” ಎನ್ನುತ್ತಿದ್ದ. ಟೀಚರಮ್ಮ ತಮ್ಮ ಅಡುಗೆಮನೆಯಲ್ಲಿ ಹೆಣವಾಗಿ ಬಿದ್ದ ದಿನ ಮುಂಬಾಗಿಲಿನಲ್ಲಿ ಸಿಕ್ಕ ನಕಲಿ ಕೀಲಿಯ ಮೇಲೂ ಆ ಗೀರುಗಳಿದ್ದವು. ಸಂಜೆಯೊಳಗೆ ಅಪ್ಪ ಠಾಣೆಯಲ್ಲಿದ್ದ.

“ಯಾರೋ ಬಂದು ಮಾಡಿಸ್ಕೊಂಡು ಹೋದ್ರು ಸಾರ್,” ಎಂದ.

“ಯಾರೋ ಅಂದ್ರೆ? ಮುಖ ಹೇಗಿತ್ತು?”

“ಮುಖ ನೋಡ್ಲಿಲ್ಲ ಸಾರ್. ನಾವು ಕೀಲಿ ನೋಡ್ತೀವಿ, ಕೀಲಿ ಹಿಡಿದ ಕೈ ನೋಡ್ತೀವಿ. ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಬುಡದವರೆಗೂ. ಅವನ್ನ ಹುಡುಕಿ ಸಾರ್.”

ಎಲ್ಲರೂ ನಕ್ಕರಂತೆ. ಕೈಗೆ ಸಿಕ್ಕವನೊಬ್ಬ ಎದುರಿಗೇ ಕೂತಿರುವಾಗ ಉಗುರು ಹುಡುಕಿಕೊಂಡು ಬಿಸಿಲಲ್ಲಿ ಅಲೆಯುವವರು ಯಾರು? ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಶಿಕ್ಷೆಯಾದ ದಿನ ಟೀಚರಮ್ಮನ ತಂಗಿ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, “ಇವನಿಗೆ ನೇಣು ಹಾಕ್ಬೇಕಿತ್ತು, ಜೈಲು ಸಾಲದು!” ಎಂದು ಕೂಗಿದ್ದರು. ಲಂಗ ತೊಡುವ ವಯಸ್ಸಿನ ಪುಟ್ಟಿ ಅಮ್ಮನ ಸೆರಗಿನ ಹಿಂದೆ ನಿಂತು ಅದನ್ನು ಕೇಳಿದ್ದಳು.

ಮೇಲಿನ ಕೋರ್ಟು ಅಪ್ಪನನ್ನು ಬಿಡುವ ಹೊತ್ತಿಗೆ ಪುಟ್ಟಿಗೆ ಮದುವೆಯಾಗಿತ್ತು, ಅಮ್ಮ ಇರಲಿಲ್ಲ.

*

ಬಿಡುಗಡೆಯಾದ ವರ್ಷವೇ ಟೀಚರಮ್ಮನ ತಂಗಿ ಅಪ್ಪನ ಅಂಗಡಿಗೆ ಬಂದರು. ಕೀಲಿ ಮಾಡಿಸಲು ಬಂದಿರಲಿಲ್ಲ.

“ನೀನಲ್ಲ ಅಂತ ದೊಡ್ಡ ಕೋರ್ಟು ಹೇಳ್ತು. ಸರಿ. ಹಾಗಾದ್ರೆ ಯಾರು? ನಮ್ಮಕ್ಕನ್ನ ಯಾರೂ ಕೊಲ್ಲಲಿಲ್ವಾ?”

ಅಪ್ಪ ಅರ ಕೆಳಗಿಟ್ಟು ಸ್ಟೂಲು ಎಳೆದು ಕೊಟ್ಟ. ಸೀಳು ಉಗುರಿನ ಮಾತು ಹೇಳಿದ. ಪೊಲೀಸರು ಆ ಫೈಲನ್ನು ಮತ್ತೆ ತೆರೆಯಲಿಲ್ಲ. ಆಕೆ ಮಾತ್ರ ವಾರವಾರವೂ ಬಂದರು. ಸಂತೆ, ಬಸ್ ಸ್ಟ್ಯಾಂಡ್, ಆಸ್ಪತ್ರೆಯ ಸಾಲು, ಇಬ್ಬರೂ ಜನರ ಕೈ ನೋಡುತ್ತ ಅಲೆದರು. ಗಿರಾಕಿಗಳ ಕೈಯನ್ನು ಅಪ್ಪ ಹಿಡಿದೇ ನೋಡತೊಡಗಿದ. ತಲೆ ಕೆಟ್ಟಿದೆ ಅಂದುಕೊಂಡು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಇಷ್ಟಾದರೂ ಎಡಗೈಯೋ ಬಲಗೈಯೋ ಅವನಿಗೆ ನೆನಪಾಗಲೇ ಇಲ್ಲ. ಅದೊಂದು ಅವನನ್ನು ಒಳಗೇ ಕೊರೆಯುತ್ತಿತ್ತು.

ಮೊನ್ನೆ ಆಸ್ಪತ್ರೆಯಲ್ಲಿ ನರ್ಸು ಎಡಗೈಯಲ್ಲಿ ಮಾತ್ರೆ ಚಾಚಿದಾಗ ಅಪ್ಪನ ಕಣ್ಣು ಅಗಲವಾಯಿತು. “ಎಡಗೈ ಪುಟ್ಟೀ! ಮಳೆ ಬರ್ತಿತ್ತು. ಬಲಗೈಲಿ ಕೊಡೆ ಹಿಡಿದಿದ್ದ. ಆಯಮ್ಮಂಗೆ ಹೇಳು.”

ಪುಟ್ಟಿ ಹೇಳಿರಲಿಲ್ಲ. ನೇಣು ಹಾಕಿ ಅಂದ ಬಾಯಿಗೆ ಅಪ್ಪನ ಕೊನೆಯ ಮಾತನ್ನು ಯಾಕೆ ಕೊಡಬೇಕು?

*

ಬೀಗ ಕೊನೆಗೂ ಒಲಿಯಿತು. ಬಿಳಿ ಅಂಗಿ ತೊಟ್ಟು ಅಪ್ಪ ಮಣ್ಣಿಗಿಳಿದ. ಜನ ಒಬ್ಬೊಬ್ಬರಾಗಿ ಬಂದು ಹಿಡಿ ಮಣ್ಣು ಹಾಕತೊಡಗಿದರು. ಗುಂಡಿಯ ಅಂಚಿನಲ್ಲಿ ನಿಂತಿದ್ದ ಪುಟ್ಟಿ, ತಾನು ಯಾರ ಮುಖವನ್ನೂ ನೋಡುತ್ತಿಲ್ಲವೆಂಬುದನ್ನು ತಡವಾಗಿ ಗಮನಿಸಿದಳು. ಮಣ್ಣು ಹಾಕುವುದು ಬಲಗೈ. ಅವಳ ಕಣ್ಣು ಎಡಗೈಗಳ ಮೇಲಿತ್ತು. ಸೈಕಲ್ ಶಾಪಿನವನದು ಗ್ರೀಸು ಹಿಡಿದ ಕೈ, ಉಗುರು ನೆಟ್ಟಗಿದೆ. ಮಾವನ ಎಡಗೈಯಲ್ಲಿ ಕರವಸ್ತ್ರ. ಇಸ್ತ್ರಿಯವನು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಬಾಗಿದ. ತೆಗಿ ಅದನ್ನ, ಹೊರಗೆ ತೆಗಿ ಎಂದು ಕಿರುಚಬೇಕೆನ್ನಿಸಿತು ಅವಳಿಗೆ. ಆ ಸೀಳು ಉಗುರಿನವನು ಸಿಗುವವರೆಗೂ ಇಸ್ತ್ರಿಯವನು ಹೇಳಿದ ಹೊಗೆ ಅಪ್ಪನ ಮೇಲೆ ಆಡುತ್ತಲೇ ಇರುತ್ತದೆ. ಅವನನ್ನು ಹುಡುಕುವವರಾದರೂ ಇನ್ನು ಯಾರಿದ್ದಾರೆ?

ದೂರದ ಬೇಲಿಯ ಹತ್ತಿರ ಟೀಚರಮ್ಮನ ತಂಗಿ ಒಬ್ಬರೇ ನಿಂತಿದ್ದರು. ಅವರ ಕಣ್ಣೂ ಸಾಲಿನ ಮೇಲೇ ಇತ್ತು, ಸೊಂಟದ ಎತ್ತರಕ್ಕೆ.

ಪುಟ್ಟಿ ಎಲ್ಲರ ನಡುವೆ ನುಗ್ಗಿಕೊಂಡು ಹೋಗಿ ಅವರ ಮುಂದೆ ನಿಂತಳು.

“ಎಡಗೈ.”

“ಏನಮ್ಮಾ?”

“ಎಡಗೈ ಅಮ್ಮ. ಅಪ್ಪ ಹೇಳಿದ್ರು, ನಾನೇ ಮುಚ್ಚಿಟ್ಟೆ. ಬಲಗೈಲಿ ಕೊಡೆ ಹಿಡಿದಿದ್ನಂತೆ.”

ಮುದುಕಿ ಬೈಯಲಿಲ್ಲ. ಪುಟ್ಟಿಯ ತೋಳು ಹಿಡಿದು ಮೆಲ್ಲಗೆ ಗುಂಡಿಯವರೆಗೆ ಬಂದರು, ಬಗ್ಗಿ ಬಲಗೈಯಲ್ಲಿ ಮಣ್ಣು ತೆಗೆದು ಹಾಕಿದರು. ಅದೇ ಗುಂಗಿನಲ್ಲಿ ಪುಟ್ಟಿಯ ಕಣ್ಣು ಅವರ ಶಾಲಿನೊಳಗಿದ್ದ ಎಡಗೈಯತ್ತ ಹೋಯಿತು. ನಾಚಿಕೆಯಿಂದ ಮುಖ ತಿರುಗಿಸಿದಳು.

“ಯಾಕಮ್ಮ, ನೋಡು,” ಎಂದರು ಮುದುಕಿ. ಶಾಲು ಸರಿಸಿ ಎಡಗೈ ಹೊರತೆಗೆದು, ಹೆಬ್ಬೆರಳು ಮೇಲೆ ಬರುವಂತೆ ಅವಳ ಮುಂದೆ ಹಿಡಿದರು.

ಪುಟ್ಟಿ ಬಗ್ಗಿ ನೋಡಿದಳು. ಉಗುರು ಸೀಳಿರಲಿಲ್ಲ. ಆಮೇಲೆ ಅವರೂ ನೋಡಲೆಂದು ತನ್ನ ಎಡಗೈಯನ್ನೂ ಚಾಚಿದಳು.